ತವರಿನ ಹೆಪ್ಪು

ಎಷ್ಟು ಬಿಸಿಗೆ ಬ್ಯಾಕ್ಟೀರಿಯಾ ಸಾಯುತ್ತವೆಂದು ಕಾಲೇಜಿನಲ್ಲಿ ಪಾಠ ಹೇಳಿ ಬಂದ ದಿನವೇ ವಾರಿಜ, ಕೊನೆಯ ಚಮಚ ಹೆಪ್ಪನ್ನು ಕುದಿಯುವ ಹಾಲಿಗೆ ಹಾಕಿಬಿಟ್ಟಳು. ಬೆಳಗ್ಗೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇತ್ತು.

ಅತ್ತೆ ಮದುವೆಯಾಗಿ ಬರುವಾಗ ತವರಿನಿಂದ ತಂದ ಹೆಪ್ಪು ಅದು. "ನಲವತ್ತು ವರ್ಷದಿಂದ ಅದೇ ವಂಶ. ಒಂದ್ಸಲಾನೂ ಕಡಿದಿಲ್ಲ" ಎಂದು ಬಂದವರ ಮುಂದೆಲ್ಲ ಬೀಗುತ್ತಿದ್ದರು. ಇನ್ನು ಓದಿದ ಸೊಸೆಯ ಮಾನ ಉಳಿಯುವುದುಂಟೇ?

ಅತ್ತೆ ಪೂಜೆ ಮುಗಿಸಿ ಏಳುವಷ್ಟರಲ್ಲಿ ವಾರಿಜ ಸೆರಗಿನಡಿ ಬಟ್ಟಲು ಅಡಗಿಸಿಕೊಂಡು ಪಕ್ಕದ ಮನೆಗೆ ಓಡಿದಳು.

"ತುಂಗಕ್ಕ, ಒಂದು ಬಟ್ಟಲು ಮೊಸರು ಕೊಡಿ. ನಮ್ಮತ್ತೆಗೆ ಮಾತ್ರ ಹೇಳ್ಬೇಡಿ."

"ನಾನ್ಯಾಕೆ ಹೇಳ್ಲಮ್ಮ?" ತುಂಗಕ್ಕ ನಿಧಾನವಾಗಿ ಮೊಸರು ಹಾಕಿದರು. "ಹೋದ ತಿಂಗಳು ಅವರು ಬಂದು ಒಯ್ದಿದ್ದನ್ನ ನಿನಗೆ ಹೇಳಿದ್ನಾ?"