ಸೋಯಾ ಹಾಲು ಉಕ್ಕುವುದರೊಳಗೆ

ಇವತ್ತು ಬೆಳಿಗ್ಗೆ, ಒಲೆಯ ಮೇಲಿಟ್ಟ ಸೋಯಾ ಹಾಲು ಉಕ್ಕುವುದರೊಳಗೆ ನಾನು ಸಮುದ್ರ ದಾಟಿ, ಎದೆ ಸೀಳುವ ಗಾಳಿಯಲ್ಲಿ ಒಬ್ಬನೇ ನಿಂತು ಒಂದು ಕೋಟೆ ಗೆದ್ದು, ಮನೆಗೆ ಬಂದು ಹಾಲು ಇಳಿಸಿದೆ. ತೈನಾನ್‌ನ ನಮ್ಮ ಪಾರ್ಕಿನ ಆಲದ ಮರದ ಕೆಳಗೆ ನಿಂತು ಈ ಮಾತು ಹೇಳಿದರೆ ಗೆಳೆಯ ಟಿಯೆನ್‌ಲಾಯ್ ತಲೆಯನ್ನೂ ಎತ್ತಲಿಲ್ಲ. ಅವನ ಸೈಕಲ್ ಹ್ಯಾಂಡಲಿಗೆ ಕಟ್ಟಿದ ಫೋನುಗಳು ನವಿಲುಗರಿಯ ಹಾಗೆ ಬಿಚ್ಚಿಕೊಂಡಿದ್ದವು. ಎಲ್ಲದರಲ್ಲೂ ಆಟ ನಡೆದಿತ್ತು.

"ಗಾಳಿ ಟೋಪಿ ಹಾರಿಸ್ಲಿಲ್ವಾ ಜಿನ್‌ಡಿಂಗ್?"

"ಟೋಪಿ ಏನು ಮಾರಾಯ, ಒಂದು ಹಸುನೇ ಹಾರ್ಕೊಂಡು ಹೋಯ್ತು. ಕಣ್ಣಾರೆ ನೋಡ್ದೆ."

"ಮೊನ್ನೆ ನೀನು ಬ್ರೇಕ್ ಹೋದ ಬಸ್ಸನ್ನ ಕಾಲಲ್ಲೇ ನಿಲ್ಲಿಸಿದ್ದೆ. ಅದಕ್ಕೆ ಹೋಲಿಸಿದ್ರೆ ಇದು ಸಣ್ಣದೇ ಬಿಡು."

ನಮ್ಮ ಆಟ ಗೊತ್ತಿಲ್ಲದವರು ಇಷ್ಟು ತಿಳಿದರೆ ಸಾಕು. ಗುಡಿ, ಅಂಚೆ ಕಚೇರಿ, ದೀಪಸ್ತಂಭ, ಎಲ್ಲವೂ ಫೋನಿನೊಳಗೆ ಕೋಟೆಗಳು. ಆ ಜಾಗಕ್ಕೆ ಕಾಲಲ್ಲಿ ನಡೆದು ಹೋಗಿ, ಅಲ್ಲಿ ಕಾವಲಿರುವ ಪ್ರಾಣಿಯನ್ನು ಸೋಲಿಸಿ, ನಮ್ಮದನ್ನು ಕೂರಿಸಬೇಕು. ಮನೆಯಲ್ಲಿ ಕೂತು, 'ನಾನು ಅಲ್ಲೇ ಇದ್ದೇನೆ' ಎಂದು ಫೋನಿನ ಬಾಯಲ್ಲಿ ಸುಳ್ಳು ಹೇಳಿಸುವವರೂ ಇದ್ದಾರೆ. ಅವರಿಗೆ ನಾವಿಟ್ಟ ಹೆಸರು ರೆಕ್ಕೆಯವರು. ರೆಕ್ಕೆಯವರಿಗೆ ಭಯ ಒಂದೇ. ಒಂದೂರಿಂದ ಇನ್ನೊಂದೂರಿಗೆ ನೆಗೆದ ಮೇಲೆ, ನಿಜವಾಗಿ ಪ್ರಯಾಣ ಮಾಡಿದವರಷ್ಟು ಹೊತ್ತು ಆಟದಲ್ಲಿ ಏನನ್ನೂ ಮುಟ್ಟದೆ ಕಾಯಬೇಕು. ಮುಟ್ಟಿದರೆ ಖಾತೆಯೇ ಮುಚ್ಚಿಹೋಗುತ್ತದೆ.

ಅಷ್ಟರಲ್ಲಿ ಛುನ್‌ತಾವ್ ಅಕ್ಕ ಬಂದರು. ಎರಡೂ ಕೈಯಲ್ಲಿ ಗಂಡನ ಫೋನನ್ನು ತುಂಬಿದ ಬಟ್ಟಲಿನ ಹಾಗೆ ಹಿಡಿದಿದ್ದರು.

"ನಮ್ಮನೆಯವರ ಬಸವನಹುಳು ವಾಪಸ್ ಬಂದ್ಬಿಟ್ಟಿದೆ ಕಣ್ರೋ. ಯಾರೋ ಹೊಡೆದು ಓಡಿಸಿದಾರೆ."

ಪಾರ್ಕಿಗೆಲ್ಲ ಗೊತ್ತಿದ್ದ ಹುಳು ಅದು. ಅಕ್ಕನ ಗಂಡ ಹೋವಾಂಗ್ ಅಣ್ಣ ತೀರಿಕೊಳ್ಳುವ ಮುಂಚಿನ ಬೇಸಿಗೆಯಲ್ಲಿ ಪೆಂಗ್‌ಹೂ ಕಡೆಯ ಒಂದು ಜನವಿಲ್ಲದ ದ್ವೀಪಕ್ಕೆ, ದೋಣಿಯುದ್ದಕ್ಕೂ ವಾಂತಿ ಮಾಡಿಕೊಂಡು ಹೋಗಿ, ದೀಪಸ್ತಂಭದ ಕೋಟೆಗೆ ಅದನ್ನು ಕಾವಲಿಟ್ಟಿದ್ದ. ಅವನು ಹೋದ, ಹುಳು ಅಲ್ಲೇ ನಿಂತಿತು. ಕಾವಲಿನ ಪ್ರಾಣಿಗೆ ದೂರದಿಂದಲೂ ಉಣಿಸಬಹುದು. ಅಕ್ಕ ದಿನಾ ಬೆಳಿಗ್ಗೆ ಗಂಡನ ಫೋನು ತೆರೆದು, ಅದಕ್ಕೊಂದು ಹಣ್ಣು ತಿನ್ನಿಸಿ, ಆಮೇಲೆ ತಾವು ಮೀನಿನ ಗಂಜಿಗೆ ಕೈ ಹಾಕುತ್ತಿದ್ದರು.

"ಈ ಬಡಗಣ ಗಾಳಿಗೆ ವಾರದಿಂದ ಆ ಕಡೆ ದೋಣಿನೇ ಬಿಟ್ಟಿಲ್ಲ," ಅಂದ ಟಿಯೆನ್‌ಲಾಯ್. "ಇದು ರೆಕ್ಕೆಯವನದೇ ಕೆಲಸ."

ನನಗೆ ಬಂದ ಸಿಟ್ಟಿಗೆ ಆಲದ ಮರ ಬುಡಸಮೇತ ನಡುಗಿತು. "ಯಾವನವನು? ಸತ್ತವರ ಕಾವಲು ಕಿತ್ತ ನಾಲಾಯಕ್! ಮನೇಲಿ ಕೂತು ಗೆಲ್ಲೋದೂ ಒಂದು ಗೆಲುವಾ? ಸಿಗ್ಲಿ, ಹತ್ತೂ ಬೆರಳು ಮುರಿದು ಕೆರೆ ಮೀನಿಗೆ ಹಾಕ್ತೀನಿ!" ಆಚೆ ತಾಯ್‌ಚಿ ಮಾಡುತ್ತಿದ್ದ ಮುದುಕರೆಲ್ಲ ಎತ್ತಿದ ಕಾಲು ಎತ್ತಿದಂತೆಯೇ ನಿಂತುಬಿಟ್ಟರು.

"ಬೆರಳು ತಗೊಂಡು ನಾನೇನು ಮಾಡ್ಲಿ?" ಅಕ್ಕನ ದನಿ ಏರಿತ್ತು. ಅದು ಅಳುವಲ್ಲ, ಕೋಪ. "ಹುಳದ ಮೇಲೆ ಅವರ ಹೆಸರಿತ್ತಲ್ಲ. ಅದನ್ನ ಓದಿನೂ ಹೊಡೆದ್ನಾ? ಅಷ್ಟು ಗೊತ್ತಾಗ್ಬೇಕು ನಂಗೆ."

ಆಗಲೇ ಎಲ್ಲರ ಫೋನೂ ಒಟ್ಟಿಗೆ ಗುಯ್‌ಗುಟ್ಟಿತು. ಆಲದ ಮರದ ಕೋಟೆಗೆ ಡ್ರ್ಯಾಗನ್ ಇಳಿದಿತ್ತು. ಅದನ್ನು ಉರುಳಿಸಲು ಇದ್ದಬದ್ದವರೆಲ್ಲ ಕೂಡಬೇಕು.

"ಅಕ್ಕ, ಹುಳೂನ ಇದರ ಮೇಲೆ ಬಿಡಿ, ಸಿಟ್ಟಾದರೂ ಇಳೀಲಿ. ಜಿನ್‌ಡಿಂಗ್, ಬಾರೋ, ಒಬ್ಬ ಕಡಿಮೆ!" ಅಂದ ಟಿಯೆನ್‌ಲಾಯ್.

ನಾನು ಕೈಗಳನ್ನು ಜೇಬಿನೊಳಗೆ ತಳ್ಳಿದೆ. "ನೀವು ಶುರು ಮಾಡಿ. ನನ್ನ ಫೋನು ಬಿಸಿಯಾಗಿದೆ."

"ಈ ಚಳೀಲಾ?"

"ಬೆರಳು ಊದಿದೆ ಕಣೋ."

"ಈಗಿನ್ನೂ ಬೇರೆಯವರ ಬೆರಳು ಮುರೀತಿದ್ದೆ!"

"ಎಂಟೂವರೆ ಆಗ್ಲಿ, ಸೇರ್ಕೋತೀನಿ ಬಿಡು!"

ಟಿಯೆನ್‌ಲಾಯ್ ಇವತ್ತು ಮೊದಲ ಸಲ ತಲೆ ಎತ್ತಿದ. ಡ್ರ್ಯಾಗನ್ ಬಂತೆಂದರೆ ಆಸ್ಪತ್ರೆಯ ಹಾಸಿಗೆಯಿಂದಲೂ ಎದ್ದು ಬಂದವನು ನಾನು. ಅವನು ನನ್ನ ಜೇಬು ನೋಡಿದ, ಮುಖ ನೋಡಿದ.

"ಎಂಟೂವರೆಗೇ ಯಾಕೋ? ನಡ್ಕೊಂಡು ಬಂದವರು ಯಾತಕ್ಕೂ ಕಾಯ್ಬೇಕಾಗಿಲ್ಲ."

ಸಂಭಾಳಿಸಲು ಹೋಗಿ ಇನ್ನೂ ಕೆಡಿಸಿದೆ: "ಅಕ್ಕ, ಆ ಫೋನು ಇಲ್ಲಿ ಕೊಡಿ. ಒಂದೇ ನಿಮಿಷ. ಹುಳೂನ ಮತ್ತೆ ಅಲ್ಲೇ ಕೂರಿಸಿಬಿಡ್ತೀನಿ..."

ಅಕ್ಕ ಫೋನನ್ನು ಎದೆಗೆ ಒತ್ತಿಕೊಂಡರು. "ಮುಟ್ಟಬೇಡ. ಅವರು ಕರುಳು ಬಾಯಿಗೆ ಬರೋ ಹಾಗೆ ವಾಂತಿ ಮಾಡ್ಕೊಂಡು ಹೋಗಿ ಇಟ್ಟಿದ್ದು ಅದು. ದೋಣಿ ಬಿಡ್ಲಿ, ನಾನೇ ಹೋಗಿ ಇಡ್ತೀನಿ." ಆಮೇಲೆ ಕೇಳಿದರು, "ಹೆಸರು ಓದಿದ್ಯಾ?"

"ಓದ್ದೆ."

"ಓದಿನೂ?"

"ಅಷ್ಟು ಹಳೇ ಕಾವಲು ಕೆಡವಿದೆ ಅಂತ ಇಲ್ಲಿ ಹೇಳ್ಕೋಬೇಕು ಅನ್ನಿಸ್ತು."

ಡ್ರ್ಯಾಗನ್ ಮರದ ಮೇಲೆ ತನ್ನ ಪಾಡಿಗೆ ತಾನು ಕುಣಿಯುತ್ತಿತ್ತು. ಯಾರೂ ಅದರ ಕಡೆ ನೋಡಲಿಲ್ಲ. ಅಕ್ಕ ಕೇಳಿದರು, "ಅವರು ನಿಂತಿದ್ದ ಜಾಗ ಅದು. ನಾನಿನ್ನೂ ನೋಡಿಲ್ಲ. ಹೇಳು, ಅಲ್ಲಿ ಗಾಳಿ ಹೇಗಿತ್ತು?"

ಹಸು ಹಾರಿಸಿದ ಗಾಳಿ ನನ್ನ ಬಾಯಲ್ಲೇ ಇತ್ತು. ಹೊರಗೆ ಬರಲಿಲ್ಲ.

"ಗಾಳಿ ಇರ್ಲಿಲ್ಲ ಅಕ್ಕ," ಅಂದೆ. "ಅಡುಗೆಮನೆ ಕಿಟಕಿ ಮುಚ್ಚಿತ್ತು."