ಇಳಿಜಾರಿನಲ್ಲಿ ಒಂದು ಲೋಟ ನೀರು

ಕಾರು ಗುಡ್ಡದ ನೆತ್ತಿಯಿಂದ ಇಳಿಯಲು ಶುರುಮಾಡಿದಾಗ ಹಿಂದಿನ ಸೀಟಿನಲ್ಲಿ ಡಿಸ್ಕ್ ಹುಡುಗಿ, ಸ್ಪ್ರಿಂಗಪ್ಪ, ಅವರಿಬ್ಬರ ನಡುವಿನ ಹಲಗೆಯ ಮೇಲೆ ಒಂದು ಖಾಲಿ ಸ್ಟೀಲ್ ಲೋಟ. ಸ್ಟಿಯರಿಂಗ್ ಹಿಡಿದವರು ಕಂಪನಿಯ ಹಳೆಯ ಟೆಸ್ಟ್ ಡ್ರೈವರು. ಎಲ್ಲರೂ ಅವರನ್ನು ಅಜ್ಜ ಎನ್ನುತ್ತಿದ್ದರು. ಯಾರು ಏನು ಮಾಡಿದ್ದಾರೋ ಅದರ ಪರೀಕ್ಷೆಗೆ ಅವರೇ ಬಂದು ಕಾರಿನಲ್ಲಿ ಕೂರಬೇಕು ಎಂಬ ಕಟ್ಟಳೆಯೂ ಅಜ್ಜನದೇ. ಹೋಗುವುದಾದರೆ ನನ್ನೊಬ್ಬನ ಜೀವ ಯಾಕೆ ಹೋಗಬೇಕು ಎನ್ನುವುದು ಅವರ ವಾದ.

ಬ್ರೇಕಿನ ಡಿಸ್ಕ್ ಹುಡುಗಿಯದು. ಎರಡು ತಟ್ಟೆ, ನಡುವೆ ಸಂದು, ಸಂದಿನ ತುಂಬ ಬಾಗಿದ ರೆಕ್ಕೆಗಳು; ಚಕ್ರ ತಿರುಗಿದಂತೆಲ್ಲ ಗಾಳಿಯನ್ನು ಒಳಗೆಳೆದು ಹೊರಗೆ ದಬ್ಬಿ ಡಿಸ್ಕನ್ನು ತಣ್ಣಗಿಡಬೇಕು. ಇಳಿಜಾರಿನ ಕೊನೆಯಲ್ಲೂ ಬ್ರೇಕು ಬಿಗಿಯಾಗಿ ಹಿಡಿದರೆ ಹೊಸ ಕಾರಿಗೆ ಅದೇ ಡಿಸ್ಕ್. ಜಾರಿತೋ, ಇಷ್ಟು ದಿನದ ದುಡಿಮೆ ಗುಜರಿಗೆ. ಕಾರು ಕುಲುಕದಂತೆ ಹಿಡಿಯುವ ಸ್ಪ್ರಿಂಗು, ಸಸ್ಪೆನ್ಷನ್ ಎಲ್ಲ ಸ್ಪ್ರಿಂಗಪ್ಪನದು. ಬ್ರೇಕು ಒತ್ತಿದಾಗ ಕಾರು ಮುಗ್ಗರಿಸಿದರೆ ತಪ್ಪು ಯಾರದು ಎಂದು ಇಬ್ಬರೂ ಹಾವು ಮುಂಗುಸಿಯ ಹಾಗೆ ಕಾದಾಡುತ್ತಿದ್ದರು. ಅಂಥದೊಂದು ಜಗಳದ ನಡುವೆಯೇ, ಕ್ಯಾಂಟೀನಿನಲ್ಲಿ ಎಲ್ಲರೆದುರು, ಅವನು "ನನ್ನ ಮದ್ವೆ ಆಗ್ತೀಯಾ?" ಎಂದು ಕೇಳಿಬಿಟ್ಟಿದ್ದ.

ಜಗಳದ ಬಿಸಿ ಇನ್ನೂ ಆರಿರಲಿಲ್ಲ. "ನನ್ನ ಬ್ರೇಕ್ ಹಾಕಿದಾಗ ನಿನ್ನ ಕಾರಲ್ಲಿ ತುಂಬಿದ ಲೋಟದಿಂದ ಒಂದು ಹನಿ ಕೆಳಗೆ ಬೀಳ್ದಿದ್ರೆ ಆಗ್ತೀನಿ" ಎಂದಿದ್ದಳು ಇವಳು. ಅವನು ಒಪ್ಪಿಕೊಂಡ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನನ್ನೇ ಆಗಬೇಕೆಂಬ ಆಸೆ ಅವಳಿಗೆ ಬೆಟ್ಟದಷ್ಟಿತ್ತು. ಆದರೆ ತುಂಬಿದ ಕೊಡ ತುಳುಕುವುದಿಲ್ಲ ಎಂದ ಹಿರಿಯರು ಬ್ರೇಕು ಹಾಕಿದ ಕಾರಿನಲ್ಲಿ ಕೂತವರಲ್ಲ. ಸ್ಪ್ರಿಂಗು ಕಾರನ್ನು ಹಿಡಿದೀತು, ನೀರನ್ನು ಹಿಡಿಯುವವರು ಯಾರು? ಡಿಸ್ಕ್ ಗೆದ್ದರೆ ಹುಡುಗ ಹೋದ. ಹುಡುಗ ಬೇಕಾದರೆ ಡಿಸ್ಕ್ ಸೋಲಬೇಕು. ಅತ್ತ ದರಿ, ಇತ್ತ ಪುಲಿ.

"ನೀರು ಚೆಲ್ಲೇ ಚೆಲ್ಲುತ್ತೆ ಅಂತ ನಿಂಗೂ ಗೊತ್ತಿತ್ತಲ್ಲ, ಯಾಕೆ ಒಪ್ಕೊಂಡೆ?" ಎಂದಳು ಮೆಲ್ಲಗೆ.

"ನೀನು ಬೇರೆ ಏನೂ ಕೇಳ್ಲಿಲ್ವಲ್ಲ" ಎಂದ ಅವನು.

ತಿರುವಿನ ಮೇಲೆ ತಿರುವು ಬಂತು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕಾರು ಇಳಿಯಿತು. ಅವಳು ಕಿಟಕಿ ಇಳಿಸಿ ಮೂಗರಳಿಸಿದಳು. ಹಳೆಯ ಡಿಸ್ಕಾಗಿದ್ದರೆ ಇಷ್ಟು ಹೊತ್ತಿಗೆ ಸುಟ್ಟ ವಾಸನೆ ಗುಡ್ಡವೆಲ್ಲ ಹರಡಿರುತ್ತಿತ್ತು. ಈಗ ಬರೀ ಹುಲ್ಲಿನ ವಾಸನೆ. "ಪೆಡಲ್ಲು ಇನ್ನೂ ಕಲ್ಲಿದ್ದಂಗಿದೆ ಕಣಮ್ಮ" ಎಂದರು ಅಜ್ಜ. ಅವಳಿಗೆ ಕುಣಿಯುವಷ್ಟು ಸಂತೋಷ, ಅಳುವಷ್ಟು ಸಂಕಟ. ಎರಡೂ ಸೇರಿ ಕಿಸಕ್ಕನೆ ನಗು ಬಂತು.

ಗುಡ್ಡದ ಬುಡದಲ್ಲಿ ನೇರ ರಸ್ತೆ, ಅದರ ಕೊನೆಗೆ ಬಿಳಿಯ ಗೆರೆ. ಸ್ಪ್ರಿಂಗಪ್ಪ ಬಾಟಲಿ ತೆಗೆದು ಲೋಟಕ್ಕೆ ಕಂಠಪೂರ್ತಿ ನೀರು ಸುರಿದ, ಒಂದಿಷ್ಟೂ ಮೋಸ ಮಾಡದೆ. ಕಾರು ರಸ್ತೆಯ ಉಬ್ಬೊಂದನ್ನು ದಾಟಿತು. ನೀರು ನಡುಗಿತೇ ಹೊರತು ತುಳುಕಲಿಲ್ಲ. ಎಂಥ ಸ್ಪ್ರಿಂಗ್ ಮಾಡಿದ್ದಾನೆ ಮಹರಾಯ, ಎಂದು ಮೊದಲ ಸಲ ಅವಳಿಗೆ ಹೊಟ್ಟೆಕಿಚ್ಚಿಲ್ಲದೆ ಅನ್ನಿಸಿತು.

"ಗಟ್ಟಿಯಾಗಿ ಕೂತ್ಕೊಳ್ಳಿ. ಮೂರಕ್ಕೆ ಪೂರ್ತಿ ಒತ್ತೋದು" ಎಂದರು ಅಜ್ಜ. "ಒಂದು."

ಸ್ಪ್ರಿಂಗಪ್ಪ ಸೂಜಿ ಚುಚ್ಚಿಸಿಕೊಳ್ಳುವವನಂತೆ ಕಣ್ಣು ಮುಚ್ಚಿಕೊಂಡ.

"ಎರಡು."

ಅವಳು ಲೋಟ ಎತ್ತಿ ಬಾಯಿಗಿಟ್ಟಳು. ಗಟಗಟ ಕುಡಿದಳು. ಮುಂದಿನ ಕನ್ನಡಿಯಲ್ಲಿ ಅಜ್ಜನ ಕಣ್ಣು ಕಂಡಿತು. ಕಟ್ಟಳೆ ಎಂದರೆ ಕಟ್ಟಳೆ ಎನ್ನುವ ಮನುಷ್ಯ. ಲೋಟದಲ್ಲಿ ಇನ್ನೂ ಅರ್ಧ ನೀರಿತ್ತು.

"ಎರಡೂ... ಕಾಲು" ಎಂದರು ಅಜ್ಜ. "ಎರಡೂ... ವರೆ. ಎರಡೂ... ಮುಕ್ಕಾಲು."

ಉಳಿದಷ್ಟನ್ನೂ ಅವಳು ಒಂದೇ ಸಲ ಬಾಯಿಗೆ ಸುರಿದುಕೊಂಡಳು.

"ಮೂರು."

ಕಾರು ಗೆರೆಯ ಈಚೆಗೇ ನೆಟ್ಟ ಕಂಬದ ಹಾಗೆ ನಿಂತಿತು. ಮುಗ್ಗರಿಸಲಿಲ್ಲ, ಜಾರಲಿಲ್ಲ. ಅಜ್ಜ ಕೈಬ್ರೇಕು ಎಳೆದು ಹಿಂದಕ್ಕೆ ತಿರುಗಿದರು. "ಬ್ರೇಕು ಪಾಸು. ಸ್ಪ್ರಿಂಗು ಪಾಸು. ಹಲಗೆ ಒಣಗಿದೆ, ಸೀಟು ಒಣಗಿದೆ. ಒಂದು ಹನೀನೂ ಕೆಳಗೆ ಬಿದ್ದಿಲ್ಲ."

ಸ್ಪ್ರಿಂಗಪ್ಪ ಕಣ್ಣು ತೆರೆದು ಖಾಲಿ ಲೋಟ ನೋಡಿದ. ಆಮೇಲೆ ಪೂರಿಯ ಹಾಗೆ ಉಬ್ಬಿದ್ದ ಅವಳ ಕೆನ್ನೆಗಳನ್ನು ನೋಡಿದ. ಅವನ ಮುಖ ನಿಧಾನವಾಗಿ ಅರಳಿತು. ಅದನ್ನು ಕಂಡು ಅವಳಿಗೆ ತಡೆಯಲಾರದ ನಗು ಒತ್ತರಿಸಿ ಬಂತು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಮೊದ್ಲು ನುಂಗಮ್ಮ" ಎಂದರು ಅಜ್ಜ ಗಾಬರಿಯಿಂದ. "ಅದು ಬಿದ್ರೆ ಮದ್ವೆ ಕೆಡುತ್ತೆ."