ಬಾಗದ ತಲೆ

ಪರದೇಶದ ಅರಮನೆಯ ಮೆಟ್ಟಿಲು ಹತ್ತುವಾಗ ಪ್ರಧಾನಿಗೆ ಒಂದೇ ಚಿಂತೆ. ಅಲ್ಲಿನ ರಾಜರಿಗೆ ತಲೆ ಬಾಗಿಸಿದ ಫೋಟೊ ತಮ್ಮ ದೇಶ ಮುಟ್ಟಿದರೆ ಸಾಕು, ವಿರೋಧ ಪಕ್ಷದವರು ಕುರ್ಚಿಯನ್ನೇ ಎಳೆದುಹಾಕುತ್ತಾರೆ.

“ವಯಸ್ಸಾದವರು. ಸ್ವಲ್ಪ ಬಾಗಿದ್ರೆ ನಿಮ್ಮ ಗಂಟೇನು ಹೋಗುತ್ತೆ?” ಎಂದು ಹೆಂಡತಿ ಮೆಲ್ಲಗೆ ಕೇಳಿದರು.

“ನಿಂಗೆ ತಿಳಿಯೋದಿಲ್ಲ, ಸುಮ್ನಿರು. ನಾನು ಬಾಗಿದ್ರೆ ದೇಶವೇ ಬಾಗಿದ ಹಾಗೆ.”

“ವೋಟು ಕೇಳೋವಾಗ ಬೀದಿನಾಯಿಗೂ ಕೈ ಮುಗಿದಿದ್ರಿ.”

ಪ್ರಧಾನಿ ಕೋಟು ಸರಿಮಾಡಿಕೊಂಡು ಒಳಗೆ ನಡೆದರು. ಸಭೆಯಲ್ಲಿದ್ದವರೆಲ್ಲ ನಡು ಬಗ್ಗಿಸಿ ನಿಂತಿದ್ದರು. ಇವರೊಬ್ಬರೇ ಗರುಡಗಂಬದಂತೆ ನೆಟ್ಟಗೆ ನಿಂತು ಕೈ ಚಾಚಿದರು. ಸಭೆಯಲ್ಲಿ ಗುಸುಗುಸು ಎದ್ದಿತು. ಮುದಿ ರಾಜರ ಮುಖ ಮಾತ್ರ ಅರಳಿತು. ಅವರು ಸಿಂಹಾಸನದಿಂದ ಇಳಿದು ಬಂದು ಪ್ರಧಾನಿಯನ್ನು ಬಿಗಿದಪ್ಪಿ, ಕಣ್ಣೊರೆಸಿಕೊಳ್ಳುತ್ತ ಏನೋ ಹೇಳಿದರು. ಹೊರಗೆ ವಾದ್ಯಗಳು ಮೊಳಗಿದವು.

ಪ್ರಧಾನಿ ಗೆದ್ದವರಂತೆ ಹೆಂಡತಿಯತ್ತ ನೋಡಿದರು. ಪಕ್ಕದಲ್ಲಿ ದುಭಾಷಿ ಬೆವರುತ್ತಿದ್ದ.

“ಏನಂದ್ರಯ್ಯಾ ರಾಜರು?”

“ಸಾರ್, ಇಲ್ಲಿ ರಾಜರ ಮುಂದೆ ಬಾಗದೆ ನಿಲ್ಲೋದು ಹೆಣ್ಣು ಕೇಳೋಕೆ ಬಂದ ಬೀಗರು ಮಾತ್ರವಂತೆ. ಮೊಮ್ಮಗಳನ್ನ ಕೊಡೋಕೆ ಸಂತೋಷವಾಗಿ ಒಪ್ಪಿದ್ದಾರೆ, ಹುಡುಗ ಯಾರು ಅಂತ ಕೇಳ್ತಿದ್ದಾರೆ.”